ಜವರಮ್ಮ ವಹಿಸಿದ ವಕಾಲತ್ತು

ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಇಬ್ಬರು ಭಿಕ್ಷುಕರಿದ್ದಾರೆ. ಒಬ್ಬ ಬಾಗಿಲ ಈ ಬದಿ, ಇನ್ನೊಬ್ಬ ಆ ಬದಿ. ಈ ಬದಿಯವನು ಆ ಬದಿಯವನ ಕಡೆ ಕೈ ತೋರಿಸಿ, "ಪಾಪ, ಅವನಿಗೆ ಕಣ್ಣು ಕಾಣಲ್ಲ ಸ್ವಾಮಿ, ಏನಾದ್ರೂ ಹಾಕಿ" ಎನ್ನುತ್ತಾನೆ. ಆ ಬದಿಯವನು ಈ ಬದಿಗೆ ಮುಖ ತಿರುಗಿಸಿ, "ಅವನಿಗೆ ಒಂದು ಕಾಲಿಲ್ಲ ತಾಯಿ, ಬೆಳಗಿಂದ ಉಂಡಿಲ್ಲ" ಎನ್ನುತ್ತಾನೆ. ಹೊರಗಿನಿಂದ ಬಂದವರು ಇದನ್ನು ನೋಡಿ ನಗುತ್ತಾರೆ. ನಗುತ್ತಲೇ ಎದುರಿನ ಹೋಟೆಲಿಗೆ ಹೋಗಿ ಕೂತು ಕಾಫಿ ಕೇಳಲು ಬಾಯಿ ತೆರೆಯುತ್ತಾರೆ. ಆಮೇಲೆ ನಗು ನಿಲ್ಲುತ್ತದೆ.

ನಮ್ಮಲ್ಲಿ ಯಾರೂ ತಮಗಾಗಿ ಮಾತಾಡಲಾರರು. ಹರಟೆ ಹೊಡೆಯಬಹುದು, ಹಾಡಬಹುದು, ನಿನ್ನೆ ಏನಾಯಿತೆಂದು ಹೇಳಬಹುದು. ಆದರೆ ತನಗೆ ಇಂಥದ್ದು ಬೇಕು ಎಂಬ ಆಸೆ ಮಾತಿನ ಯಾವ ಮೂಲೆಯಲ್ಲಿ ಅಡಗಿದ್ದರೂ ಸರಿ, ಅಲ್ಲಿಗೆ ಬಂದಾಗ ದನಿ ನಿಲ್ಲುತ್ತದೆ. ತುಟಿ ಆಡುತ್ತದೆ, ಸದ್ದು ಬರುವುದಿಲ್ಲ. ಬರೆದು ತೋರಿಸೋಣವೆಂದರೆ ಕೈ ಕೂಡ ಹಾಗೆಯೇ ನಿಲ್ಲುತ್ತದೆ. ಬೇರೆಯವರು ಕೇಳಿದಾಗ ಹೌದು ಅಲ್ಲ ಎಂದು ತಲೆಯಾಡಿಸಬಹುದು, ಅಷ್ಟೇ. ಆದ್ದರಿಂದ ನಾವು ಅಂಗಡಿಗೆ ಜೊತೆಯಲ್ಲಿ ಹೋಗುತ್ತೇವೆ. ಡಾಕ್ಟರ ಹತ್ತಿರ ಹೆಂಡತಿಯ ಸೊಂಟನೋವನ್ನು ಗಂಡ ಹೇಳುತ್ತಾನೆ, ಗಂಡನ ಹೊಟ್ಟೆನೋವನ್ನು ಹೆಂಡತಿ ಹೇಳುತ್ತಾಳೆ. ನಾನು ಹಿಟ್ಟಿನ ಮಿಲ್ಲು ನಡೆಸುವವಳು. ನನ್ನ ಮಿಲ್ಲಿನ ಕೂಲಿ ಎಷ್ಟೆಂದು ಎದುರಿನ ದರ್ಜಿ ಖಾದರ್ ಸಾಬರು ಕೂಗಿ ಹೇಳುತ್ತಾರೆ. ಅವರ ಹೊಲಿಗೆಯ ಕೂಲಿಯನ್ನು ನಾನು ಇಲ್ಲಿಂದ ಕೂಗುತ್ತೇನೆ. ನನ್ನ ಮಿಲ್ಲಿನಲ್ಲಿ ಹಿಟ್ಟು ನುಣ್ಣಗೆ ಬರುತ್ತದೆಂದು ನಾನು ಒಂದು ದಿನವೂ ಹೇಳಿಕೊಂಡಿಲ್ಲ. ಸಾಬರು ಹೇಳಿಕೊಂಡು ಬಂದಿದ್ದಾರೆ, ಅದರಿಂದ ನಾಲ್ಕು ಜನ ನಂಬಿದ್ದಾರೆ.

ಬೇರೆ ಊರುಗಳಲ್ಲಿ ವಕಾಲತ್ತು ಅಂದರೆ ಕರಿ ಕೋಟು, ಕೋರ್ಟು, ಕಟಕಟೆ ಅಂತೆ. ಅಲ್ಲಿಯ ಜನ ಯಾರಾದರೂ ಮಧ್ಯೆ ಬಾಯಿ ಹಾಕಿದರೆ "ಅವನ ಪರ ನೀನ್ಯಾಕೆ ವಕಾಲತ್ತು ಮಾಡ್ತೀಯ" ಎಂದು ಗದರಿಸುತ್ತಾರಂತೆ. ನಮ್ಮಲ್ಲಿ ಅದು ಗದರಿಸುವ ಮಾತಲ್ಲ. ಬೆಳಗ್ಗೆ ಎದ್ದು ನೀರು ಸೇದುವ ಹಾಗೆ ದಿನವೂ ಮಾಡುವ ಕೆಲಸ. ಹುಡುಗಿಯ ಮದುವೆಗೆ ಮೊದಲು ಅವಳ ತಾಯಿ ನೋಡುವುದು, ಮುಂದೆ ಇವಳ ವಕಾಲತ್ತು ಚೆನ್ನಾಗಿ ವಹಿಸುವ ಗಂಡೇ ಎಂದು. ರೂಪ ಆಮೇಲೆ.

ದೊಡ್ಡ ವಿಷಯಗಳಿಗೆ ಒಂದು ಕ್ರಮವಿದೆ. ಯಾರ ಕೈಲಿ ನಿಮ್ಮ ಮಾತು ಆಡಿಸಬೇಕೋ ಅವರ ಮನೆಯ ಜಗಲಿಯ ಮೇಲೆ ಬೆಳಗ್ಗೆ ಹೋಗಿ ಕೂರಬೇಕು. ಅವರು ಹೊರಗೆ ಬಂದು, ಏನು ವಿಷಯವೆಂದು ಊಹಿಸಿ ಊಹಿಸಿ ಕೇಳಬೇಕು. ಒಪ್ಪಿದರೆ ಅರಳಿಕಟ್ಟೆಯಲ್ಲಿ ಎಲ್ಲರ ಮುಂದೆ ಮಾತಾಡುತ್ತಾರೆ. ಮಾತಾಡುವಷ್ಟು ಹೊತ್ತೂ ನಿಮ್ಮ ಕೈ ಅವರ ಹೆಗಲ ಮೇಲೆ ಇರಬೇಕು. ಕೈ ಇರುವ ತನಕ ಅದು ನಿಮ್ಮ ಮಾತು. ಅವರು ಒಂದಕ್ಕೆ ಎರಡು ಸೇರಿಸಿದರೆ, ಅಥವಾ ನಿಮ್ಮ ಮನಸ್ಸಿನಲ್ಲಿ ಇಲ್ಲದ್ದನ್ನು ಹೇಳಿದರೆ, ನೀವು ಕೈ ತೆಗೆಯುತ್ತೀರಿ. ಅವರು ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಅಪಾಯವೂ ಇದೆ. ಪರರ ಮಾತು ಆಡುತ್ತೇನೆಂದು ಎದ್ದವನ ಒಳಗೆ ಸ್ವಂತ ಆಸೆ ಇದ್ದರೆ ನಡುವೆ ದನಿ ಹೋಗುತ್ತದೆ. ಹಿಂದೊಮ್ಮೆ ಒಬ್ಬ ಮನೆ ಮಾಲೀಕ, ಬಾಡಿಗೆಗೆ ಇದ್ದ ಮುದುಕಿಯ ಪರವಾಗಿ, "ಇವಳಿಗೆ ಮೆಟ್ಟಿಲು ಹತ್ತೋದು ಕಷ್ಟ, ಬೇರೆ ಮನೆ ನೋಡಿಕೊಡಬೇಕು" ಎಂದು ಶುರುಮಾಡಿ, "ಬೇರೆ" ಎಂಬಲ್ಲಿ ಮೀನಿನ ಹಾಗೆ ಬಾಯಿ ಬಿಟ್ಟು ನಿಂತ. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದನಿ ಹೋದರೆ ಮಾತು ಬಿತ್ತು ಎನ್ನುತ್ತೇವೆ. ಬಿದ್ದ ಮಾತನ್ನು ಮತ್ತೆ ಎತ್ತುವ ಹಾಗಿಲ್ಲ.

ಈಗ ಮಂಚಮ್ಮನ ವಿಷಯಕ್ಕೆ ಬರುತ್ತೇನೆ. ಮಂಚಮ್ಮ ನಮ್ಮ ಬೀದಿಯಲ್ಲಿ ಹಪ್ಪಳ ಸಂಡಿಗೆ ಮಾಡಿ ಜೀವನ ಮಾಡುವ ಹೆಂಗಸು. ಗಂಡ ಇಲ್ಲ, ಮಕ್ಕಳಾಗಿರಲಿಲ್ಲ. ಊರಿಗೆ ನೀರಿನ ಟ್ಯಾಂಕು ಕಟ್ಟುವಾಗ ಎಲ್ಲಿಂದಲೋ ಬಂದ ಗಂಡಹೆಂಡತಿ ಇವಳ ಮನೆಯ ಪಕ್ಕದ ಚಪ್ಪರದಲ್ಲಿ ಇದ್ದರು. ಇಬ್ಬರೂ ಒಂದೇ ಜ್ವರದಲ್ಲಿ ಹೋದರು. ಉಳಿದದ್ದು ಇನ್ನೂ ನಡೆಯಲು ಬಾರದ ಹೆಣ್ಣುಮಗು. ಆ ದಿನ ಮಂಚಮ್ಮ ಯಾರ ಜಗಲಿಯ ಮೇಲೂ ಹೋಗಿ ಕೂರಲಿಲ್ಲ. ಮಗುವನ್ನು ಎತ್ತಿಕೊಂಡು ಮನೆಯೊಳಗೆ ಹೋದಳು. ಬೇಡ ಎಂದು ಹೇಳುವವರು ಯಾರೂ ಇರಲಿಲ್ಲವಾದ್ದರಿಂದ ಅದು ಹಾಗೇ ಉಳಿಯಿತು. ಆ ಮಗುವೇ ಚೆಲುವಿ. ಈಗ ಮೂರನೇ ಕ್ಲಾಸು. ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಾಳೆ. ಓಡುತ್ತಾ ಯಾರಿಗೆ ಏನು ಬೇಕೋ ಎಲ್ಲವನ್ನೂ ಕೂಗುತ್ತಾಳೆ. "ಸಾಬ್ ತಾತನಿಗೆ ಬೀಡಿ ಮುಗ್ದಿದೆ! ದೇವೀರಮ್ಮತ್ತೆಗೆ ಟೀ ಬೇಕು! ಮೂಲೆಮನೆ ಅಜ್ಜಿಗೆ ಸೂಜಿಗೆ ದಾರ ಏರಿಸ್ಕೊಡ್ಬೇಕು!" ಎಂದು. ನಾನು ಟೀ ಬೇಕೆಂದು ಯಾವಾಗ ತಲೆಯಾಡಿಸಿದ್ದೆನೋ ನನಗೇ ನೆನಪಿರುವುದಿಲ್ಲ. ಆದರೂ ಅವಳು ಕೂಗಿದಾಗ ನನಗೆ ಟೀ ಬೇಕೇ ಬೇಕಾಗಿರುತ್ತದೆ.

ಬೀದಿಯಲ್ಲಿ ಚೆಲುವಿಯನ್ನು ಕಂಡರೆ ಆಗದವರು ಒಬ್ಬರೇ, ಪಕ್ಕದ ಮನೆಯ ಜವರಮ್ಮ. ಜವರಮ್ಮ ಕೋಳಿ ಸಾಕುತ್ತಾಳೆ. ಕೋಳಿಗಳು ಮಂಚಮ್ಮನ ತಾರಸಿಗೆ ಹಾರಿ ಸಂಡಿಗೆ ಕುಕ್ಕುತ್ತವೆ. ಚೆಲುವಿ ಕೋಳಿಗಳಿಗೆ ಕಲ್ಲು ಬೀರುತ್ತಾಳೆ. ಇದರಿಂದ ಆ ಎರಡು ಮನೆಗಳ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು. ಮಾತು ನಿಂತರೂ ಜಗಳ ನಡೆಯಬೇಕಲ್ಲ. ತಮ್ಮ ಜಗಳವನ್ನು ತಾವೇ ಆಡಲು ನಮ್ಮಲ್ಲಿ ಬರುವುದಿಲ್ಲವಾದ್ದರಿಂದ ಮಂಚಮ್ಮನ ಪರವಾಗಿ ನಾನು, ಜವರಮ್ಮನ ಪರವಾಗಿ ಖಾದರ್ ಸಾಬರು ಬೀದಿಯ ನಡುವೆ ನಿಂತು ಬೈದುಕೊಳ್ಳುತ್ತಿದ್ದೆವು. "ನಿಮ್ಮ ಕೋಳಿ ಕತ್ತು ಮುರೀತೀನಿ" ಎಂದು ನಾನು. "ನಿಮ್ಮ ಸಂಡಿಗೆ ತಿಂದು ನಮ್ಮ ಹುಂಜಕ್ಕೆ ಅಜೀರ್ಣ ಆಗಿದೆ" ಎಂದು ಅವರು. ಸ್ವಲ್ಪ ಹೊತ್ತಿಗೆ ಸಾಬರಿಗೆ ನಗು ಬರುತ್ತಿತ್ತು. ಟೀ ತರಿಸುತ್ತಿದ್ದೆವು. ನಮ್ಮ ಹೆಗಲ ಮೇಲೆ ಕೈಯಿಟ್ಟು ನಿಂತ ಆ ಇಬ್ಬರು ಮಾತ್ರ ನಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಮಧ್ಯಾಹ್ನದ ಬಸ್ಸಿನಿಂದ ಇಳಿದ ಒಬ್ಬರು ನನ್ನ ಮಿಲ್ಲಿನ ಮುಂದೆ ಬಂದು ನಿಂತರು. ಬಿಳಿ ಪಂಚೆ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಚೀಲದ ಬಾಯಿಂದ ಹಳದಿ ಫ್ರಾಕಿನ ಅಂಚು ಕಾಣುತ್ತಿತ್ತು. "ನನ್ನ ಹೆಸರು ಚನ್ನಿಗಪ್ಪ. ಟ್ಯಾಂಕ್ ಕೆಲಸಕ್ಕೆ ಬಂದು ಇಲ್ಲೇ ತೀರ್ಕೊಂಡ್ನಲ್ಲ, ಅವನು ನನ್ನ ತಮ್ಮ. ನಾವು ಅಣ್ಣತಮ್ಮಂದ್ರು ಜಗಳ ಆಡ್ಕೊಂಡು ದೂರ ಆಗಿದ್ವಿ. ಅವನಿಗೊಂದು ಮಗು ಇತ್ತು ಅಂತ ನಂಗೆ ಹೋದ ತಿಂಗಳು ಗೊತ್ತಾಯ್ತು. ನಂಗೆ ಆ ಮಗು..." ಅಷ್ಟಕ್ಕೆ ನಿಂತಿತು. ತುಟಿ ಆಡಿತು. ಅವರು ಗಂಟಲು ಹಿಡಿದುಕೊಂಡು ಗಾಬರಿಯಿಂದ ನೋಡಿದರು. ಹೊಸಬರೆಲ್ಲ ಹೀಗೇ. ಹೋಟೆಲಿನವನು ಎಲ್ಲರಿಗೂ ಮೆಣಸಿನ ಕಷಾಯ ಕೊಡುತ್ತಾನೆ, ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ.

ನಾನು ಅವರನ್ನು ಕೂರಿಸಿ ನೀರು ಕೊಟ್ಟೆ. "ನೀವು ಮಗೂನ ಕರ್ಕೊಂಡು ಹೋಗೋಕೆ ಬಂದಿದ್ದೀರಾ ಅಣ್ಣ?" ಎಂದೆ. ತಲೆಯಾಡಿಸಿದರು. "ಮನೇಲಿ ಮಕ್ಕಳಿದ್ದಾರಾ?" ಇಲ್ಲವೆಂದು ತಲೆಯಾಡಿಸಿದರು. "ಮನೆಯೋರು ಕಾಯ್ತಿದ್ದಾರಾ?" ಅದಕ್ಕೆ ತಲೆಯನ್ನೂ ಆಡಿಸಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಕೆಟ್ಟ ಮನುಷ್ಯನಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು ಎಂದು ಅಂದುಕೊಂಡೆ.

ಅವರ ವಕಾಲತ್ತು ವಹಿಸಲು ಶಾಲೆಯ ಶ್ರೀಕಂಠಯ್ಯ ಮೇಷ್ಟ್ರು ಒಪ್ಪಿದರು. ಮೇಷ್ಟ್ರು ಮಾತಿಗೆ ನಿಂತರೆ ಸೋತದ್ದು ಕಡಿಮೆ. ಬರುವ ಭಾನುವಾರ ಅರಳಿಕಟ್ಟೆಯಲ್ಲಿ ಸೇರುವುದೆಂದು ಊರಿನ ಯಜಮಾನರು ಸಾರಿಸಿದರು. ರಕ್ತಸಂಬಂಧ ಚನ್ನಿಗಪ್ಪನವರ ಕಡೆ. ಅನುಕೂಲವೂ ಅವರ ಕಡೆ. ಮಂಚಮ್ಮನ ಕಡೆ ಯಾರೂ ಸರಿಯಾಗಿ ಮಾತಾಡದಿದ್ದರೆ ಸೋಮವಾರದ ಬಸ್ಸಿಗೆ ಚೆಲುವಿ ಹೋಗುತ್ತಾಳೆ. ಇದು ಎಲ್ಲರಿಗೂ ಗೊತ್ತಿತ್ತು.

ಮಂಚಮ್ಮ ಮರುದಿನ ಬೆಳಗ್ಗೆ ಬಂದು ಕೂತದ್ದು ನನ್ನ ಜಗಲಿಯ ಮೇಲೆ. ಊಹಿಸುವುದಕ್ಕೆ ಏನಿತ್ತು? "ಬಾರವ್ವ, ನಿನ್ನ ಮಾತು ನಾನಾಡ್ತೀನಿ" ಎಂದೆ. ಅವಳ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟುಕೊಂಡು, ಗೋಡೆಯನ್ನೇ ಯಜಮಾನರೆಂದುಕೊಂಡು ಶುರುಮಾಡಿದೆ. "ಸ್ವಾಮಿ, ಚೆಲುವಿ ಈ ಮಂಚಮ್ಮನ ಹತ್ತಿರ..." ಅಷ್ಟೇ. ಗಂಟಲಲ್ಲಿ ಗಾಳಿ ಮಾತ್ರ. ಮತ್ತೆ ಪ್ರಯತ್ನಿಸಿದೆ, ಆಗಲಿಲ್ಲ. ನನಗೆ ಮುಖ ಬಿಸಿಯಾಯಿತು. ಬೆಳಗ್ಗೆ ನನ್ನ ಟೀಗೆ ಯಾರು ಕೂಗಬೇಕು ಎಂಬುದು ನನ್ನ ಗಂಟಲಿಗೆ ನನಗಿಂತ ಮೊದಲೇ ಗೊತ್ತಿತ್ತು. ಮಂಚಮ್ಮನನ್ನು ಖಾದರ್ ಸಾಬರ ಹತ್ತಿರ ಕರೆದುಕೊಂಡು ಹೋದೆ. ಅವರು ಬಾಯಿ ತೆರೆದರು, ಟೇಪನ್ನು ಕುತ್ತಿಗೆಯಿಂದ ತೆಗೆದು ಮತ್ತೆ ತೆರೆದರು, ಆಮೇಲೆ ಮಿಷನ್ನಿನ ಮೇಲೆ ತಲೆಯಿಟ್ಟು ಕೂತರು. ಹೋಟೆಲಿನವನಿಗೂ ಆಗಲಿಲ್ಲ. ಮೂಲೆಮನೆಯ ಅಜ್ಜಿಗೆ "ಚೆ" ಎಂಬ ಅಕ್ಷರವೇ ಹೊರಡಲಿಲ್ಲ. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಬಾಯಿ ಬಿಟ್ಟು ನೋಡದವರು ಉಳಿದಿರಲಿಲ್ಲ. ಒಂದು ಮಗುವನ್ನು ಇಷ್ಟು ಜನ ನಮಗಾಗಿ ಬಯಸಿದ್ದೆವು. ಅದರಿಂದಲೇ ಅದರ ತಾಯಿಯ ಪಾಲಿಗೆ ನಾವು ಯಾರೂ ಉಪಯೋಗಕ್ಕೆ ಬರಲಿಲ್ಲ.

ಮಂಚಮ್ಮ ನನ್ನ ಮಿಲ್ಲಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ನಾನು ಹಿಟ್ಟು ಗುಡಿಸುತ್ತಾ ಯೋಚಿಸಿದೆ. ನಾಲ್ಕು ಕಾಸು ನೋಡಿ ಬದುಕಿದವಳು ನಾನು. ಅಳುವುದಕ್ಕಿಂತ ಲೆಕ್ಕ ಹಾಕುವುದು ನನಗೆ ಚೆನ್ನಾಗಿ ಬರುತ್ತದೆ. "ಮಂಚಿ," ಎಂದೆ, "ಚೆಲುವಿ ಹೋದ್ರೆ ಹಾಯಾಗಿರೋರು ಈ ಬೀದೀಲಿ ಯಾರಿದ್ದಾರೆ ಹೇಳು."

ಅವಳು ನನ್ನನ್ನು ನೋಡಿದ ನೋಟಕ್ಕೆ ಪೊರಕೆ ಕೈಯಿಂದ ಜಾರಿತು. "ಆ ಕೋಳಿಯವಳಾ? ದೇವೀರಕ್ಕ, ನಿಂಗೆ ತಲೆ ಸರಿ ಇದ್ಯಾ? ಅವಳು ನನ್ನ ಕಡೆ ತಿರುಗಿ ಉಗಿಯೋದೂ ಇಲ್ಲ."

"ಅದಕ್ಕೇ ಹೇಳ್ತಿರೋದು. ಅವಳಿಗೆ ನಿನ್ನಿಂದಾಗ್ಲಿ, ಮಗೂನಿಂದಾಗ್ಲಿ ಏನೂ ಬೇಕಿಲ್ಲ. ಈ ಬೀದೀಲಿ ದನಿ ಉಳಿದಿರೋದು ಅವಳೊಬ್ಬಳಿಗೇ."

ಮರುದಿನ ಬೆಳಕು ಹರಿಯುವಾಗ ಮಂಚಮ್ಮ ಜವರಮ್ಮನ ಜಗಲಿಯ ಮೇಲೆ ಕೂತಿದ್ದಳು. ನಾನು ಮಿಲ್ಲಿನ ಬಾಗಿಲು ತೆರೆಯುವ ನೆಪದಲ್ಲಿ ನೋಡುತ್ತಿದ್ದೆ. ಖಾದರ್ ಸಾಬರು ಆ ಕಡೆಯ ಕಿಟಕಿಯಲ್ಲಿದ್ದರು. ಜವರಮ್ಮ ಗೂಡು ತೆರೆದು ಕೋಳಿಗಳನ್ನು ಬಿಟ್ಟಳು, ಕಾಳು ಎರಚಿದಳು, ಅಂಗಳ ಗುಡಿಸಿದಳು, ಕೂತವಳ ಕಾಲ ಸುತ್ತ ಗುಡಿಸಿದಳು. ಕೊನೆಗೆ ಪೊರಕೆ ಊರಿಕೊಂಡು ನಿಂತು, "ಏನು? ನನ್ನ ಹುಂಜ ಕುಯ್ಯೋದಕ್ಕೆ ಅಪ್ಪಣೆ ಬೇಕಾ?" ಎಂದಳು.

ಮಂಚಮ್ಮ ಅಲ್ಲವೆಂದು ತಲೆಯಾಡಿಸಿದಳು.

"ನನ್ನ ಗೋಡೆ ಇನ್ನೂ ಒಂದು ಮೊಳ ಎತ್ತರಿಸ್ಬೇಕಾ?"

ಅಲ್ಲ.

"ಹಂಗಾದ್ರೆ ಆ ಕಲ್ಲು ಬೀರೋ ರಾಕ್ಷಸಿ ವಿಷ್ಯ."

ಮಂಚಮ್ಮ ತಲೆಯಾಡಿಸಿದಳು. ಆಡಿಸುತ್ತಲೇ ಇದ್ದಳು, ನಿಲ್ಲಿಸಲು ಆಗದವಳ ಹಾಗೆ.

ಜವರಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ, "ನಿನ್ನ ಪರ ನಾನು ಬಾಯಿ ಬಿಡಲ್ಲ. ಸತ್ರೂ ಬಿಡಲ್ಲ" ಎಂದಳು. "ಎಲ್ಲಾರೂ ದೊಡ್ಡೋರ ಮಾತು ಆಡೋಕೆ ನಿಂತಿದ್ದೀರಿ. ನೀನು ಬೇಕು ಅಂತೀಯ, ಅವನು ಬೇಕು ಅಂತಾನೆ. ಹೋಗೋದಾದ್ರೆ ಹೋಗೋದು ಆ ಹುಡುಗಿ ತಾನೆ? ಅವಳ ಜಗಲಿ ಮೇಲೆ ಯಾರಾದ್ರೂ ಕೂತು ಕೇಳಿದ್ರಾ? ಅವಳ ಮಾತಾದ್ರೆ ಆಡ್ತೀನಿ. ಅದು ನಿಂಗೆ ಹಿತವಾಗಿರುತ್ತೋ ಕಹಿಯಾಗಿರುತ್ತೋ ನಂಗೆ ಗೊತ್ತಿಲ್ಲ. ಒಪ್ಪಿಗೆ ಇದ್ರೆ ಸಾಯಂಕಾಲ ಕಳಿಸು. ಕಲ್ಲು ತರಬಾರ್ದು ಅಂತ ಹೇಳು."

ಮಂಚಮ್ಮ ಚೆಲುವಿಯನ್ನು ಕಳಿಸಿದಳು. ಜವರಮ್ಮನ ಹಿತ್ತಿಲಿಗೂ ನನ್ನ ಮಿಲ್ಲಿಗೂ ನಡುವೆ ಒಂದು ಮೋಟುಗೋಡೆ. ನಾನು ಮಿಲ್ಲು ನಿಲ್ಲಿಸಿ ಆ ಗೋಡೆಯ ಹತ್ತಿರ ಗೋಣಿಚೀಲ ಹೊಲಿಯಲು ಕೂತೆ. ಜವರಮ್ಮ ಹುಡುಗಿಯ ಮುಂದೆ ಅಕ್ಕಿಯ ಮೊರ ಇಟ್ಟು ಕಲ್ಲು ಆರಿಸಲು ಹೇಳಿದಳು. ತಾನೂ ಎದುರಿಗೆ ಕೂತಳು.

"ನಿಮ್ಮವ್ವ ಹೊಡೀತಾಳೇನೆ?"

"ಹೂಂ. ಸೌಟಲ್ಲಿ."

"ಆಮೇಲೆ?"

"ಆಮೇಲೆ ಬೆಲ್ಲ ಕೊಡ್ತಾಳೆ. ಹೊಡೆದಿದ್ದು ಯಾಕೆ ಅಂತ ನಾನು ಕೇಳಿದ್ರೆ ಇನ್ನೊಂದು ಸಲ ಹೊಡೀತಾಳೆ."

"ಹೆದರಿಕೆಯಾದ್ರೆ ಯಾರ್ನ ಕರೀತೀಯ?"

"ಅವ್ವನ್ನ. ಅವಳು ಎದ್ದಿಲ್ಲ ಅಂದ್ರೆ ನಿಮ್ಮ ಹುಂಜ ಕೂಗೋವರೆಗೂ ಎಣಿಸ್ತಾ ಇರ್ತೀನಿ."

ಜವರಮ್ಮನ ಕೈ ಮೊರದಲ್ಲಿ ನಿಂತಿತು, ಮತ್ತೆ ಆಡಿತು. ಹೀಗೆ ಅವಳು ಏನೇನೋ ಕೇಳಿದಳು. ಶಾಲೆಯಲ್ಲಿ ಯಾರ ಪಕ್ಕ ಕೂರುತ್ತೀಯ, ಎಡಗಾಲಿನ ಗಾಯ ಯಾವಾಗಿನದು, ದೊಡ್ಡಪ್ಪ ತಂದ ಫ್ರಾಕು ಸರಿಯಾಯಿತೇ ಎಂದೆಲ್ಲ. ಆ ದಿನವೂ, ಅದರ ಮರುದಿನವೂ ಇದೇ ನಡೆಯಿತು. ನಾನಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನರ ವಕಾಲತ್ತು ಮುಗಿಸಿರುತ್ತಿದ್ದೆ. ಕೊನೆಗೆ ಅವಳು ಮೊರವನ್ನು ಪಕ್ಕಕ್ಕೆ ಸರಿಸಿ, ದನಿ ತಗ್ಗಿಸಿ ಕೇಳಿದಳು. "ನಿಂಗೆ ಇಲ್ಲೇ ಇರ್ಬೇಕಾ?" ಚೆಲುವಿ ಜೋರಾಗಿ ತಲೆಯಾಡಿಸಿದಳು. ನನಗೆ ಸಮಾಧಾನವಾಯಿತು. "ದೊಡ್ಡಪ್ಪನ ಮನೆಗೂ ಹೋಗ್ಬೇಕಾ? ನಿಮ್ಮಪ್ಪ ಹುಟ್ಟಿದ ಮನೆ ನೋಡ್ಬೇಕಾ?" ಹುಡುಗಿ ಮಂಚಮ್ಮನ ಮನೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಬಹಳ ಸಣ್ಣದಾಗಿ, ಯಾರಿಗೂ ಕಾಣಬಾರದೆಂಬಂತೆ, ತಲೆಯಾಡಿಸಿದಳು.

"ಎರಡಕ್ಕೂ ಹೂಂ ಅಂತೀಯಲ್ಲೇ ಕಳ್ಳಿ" ಎಂದಳು ಜವರಮ್ಮ. ಗದರಿಸುವ ಹಾಗಿರಲಿಲ್ಲ.

ಹುಡುಗಿ ಹೋದ ಮೇಲೆ ನಾನು ಗೋಡೆಯ ಮೇಲಿಂದ ತಲೆ ಎತ್ತಿದೆ. "ಜವರಕ್ಕ, ಆ ಎರಡನೇದನ್ನ ಹೇಳಿದ್ರೆ ಕೆಟ್ಟೆವು. ಮೇಷ್ಟ್ರು ಅದನ್ನೇ ಹಿಡ್ಕೊಂಡು ಜಗ್ಗಿಬಿಡ್ತಾರೆ. ಹೆಂಗಾದ್ರೂ ಮಾಡಿ ಚೆಲುವಿ ಇಲ್ಲೇ..." ದನಿ ಹೋಯಿತು.

"ನೋಡಿದ್ಯಾ" ಎಂದಳು ಜವರಮ್ಮ. "ನಿಂಗೆ ದನೀನೇ ಇಲ್ಲ, ನಂಗೆ ಬುದ್ಧಿ ಹೇಳೋಕೆ ಬರ್ತೀಯ. ದೇವೀರಿ, ಅವಳು ಎರಡು ಸಲ ತಲೆ ಆಡಿಸಿದ್ಳು. ನಾನು ಒಂದನ್ನ ಹೇಳಿ ಒಂದನ್ನ ನುಂಗಿದ್ರೆ ಅದು ಅವಳ ಮಾತಾಗಲ್ಲ, ನಿನ್ನ ಮಾತಾಗುತ್ತೆ. ನಿನ್ನ ಮಾತು ನಾನ್ಯಾಕೆ ಆಡ್ಲಿ?" ಕೋಳಿಗಳನ್ನು ಗೂಡಿಗೆ ಅಟ್ಟುತ್ತಾ ಒಳಗೆ ಹೋದಳು.

ಭಾನುವಾರ ಕಟ್ಟೆಯ ಸುತ್ತ ನಿಲ್ಲಲು ಜಾಗವಿರಲಿಲ್ಲ. ಮೊದಲು ಮೇಷ್ಟ್ರು ಎದ್ದರು. ಚನ್ನಿಗಪ್ಪನವರ ಕೈ ಅವರ ಹೆಗಲ ಮೇಲೆ. ಮೇಷ್ಟ್ರು ಚೆನ್ನಾಗಿ ಮಾತಾಡಿದರು, ಸುಳ್ಳು ಹೇಳಬಾರದು. ಅಣ್ಣತಮ್ಮಂದಿರು ಒಂದೇ ತಟ್ಟೆಯಲ್ಲಿ ಉಂಡದ್ದು, ಒಂದು ಕೆಟ್ಟ ಮಾತಿಗೆ ಬೇರೆಯಾದದ್ದು, ಸಾವಿನ ಸುದ್ದಿ ತಡವಾಗಿ ತಿಳಿದದ್ದು, ಮಗು ಇದೆ ಎಂದು ಗೊತ್ತಾದ ದಿನ ಇವರ ಹೆಂಡತಿ ಅಟ್ಟದಿಂದ ಹಳೆಯ ತೊಟ್ಟಿಲು ಇಳಿಸಿದ್ದು. ಮಗು ಎಂಟು ವರ್ಷದ್ದು, ತೊಟ್ಟಿಲು ಯಾಕೆ ಎಂದು ಇವರು ಕೇಳಿದರೆ, ಅವಳು ಅದನ್ನು ಒರೆಸುತ್ತಲೇ ಇದ್ದಳಂತೆ. ಹೆಂಗಸರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಮೇಷ್ಟ್ರಿಗೆ ಹುರುಪು ಬಂತು. "ಇಷ್ಟೆಲ್ಲ ಇರುವಾಗ, ಹಪ್ಪಳ ಒತ್ತಿ ಹೊಟ್ಟೆ ಹೊರೆಯುವ, ಮಗುವಿಗೆ ಸೌಟಿನಲ್ಲಿ ಹೊಡೆಯುವ ಈ ಹೆಂಗಸು..."

ಚನ್ನಿಗಪ್ಪನವರು ಕೈ ತೆಗೆದರು.

ಮೇಷ್ಟ್ರು ಅಲ್ಲೇ ನಿಂತರು. ತಿರುಗಿ ಅವರ ಮುಖ ನೋಡಿದರು. "ತಪ್ಪಾಯ್ತು. ಆ ಮಾತು ಇವರದ್ದಲ್ಲ, ನನ್ನದು. ತೆಗೆದುಹಾಕಿ" ಎಂದರು ಯಜಮಾನರಿಗೆ. ಕೈ ಮತ್ತೆ ಹೆಗಲಿಗೆ ಬಂತು. ಆದರೆ ಅದಾದ ಮೇಲೆ ಮೇಷ್ಟ್ರು ಹೆಚ್ಚು ಮಾತಾಡಲಿಲ್ಲ. ಮಗುವನ್ನು ದೊಡ್ಡಪ್ಪನ ಜೊತೆ ಕಳಿಸಿಕೊಡಬೇಕು ಎಂದಷ್ಟೇ ಹೇಳಿ ಕೂತರು.

ಯಜಮಾನರು, "ಎದುರು ಮಾತು ಯಾರದು?" ಎಂದರು. ಜವರಮ್ಮ ಎದ್ದಾಗ ಗುಂಪಿನಲ್ಲಿ ಗುಸುಗುಸು ಶುರುವಾಯಿತು. "ಇದೇನು, ಕೋಳಿ ಪರ ಮಾತಾಡೋಕೆ ಬಂದ್ಲಾ?" ಎಂದು ಯಾರೋ ಹಿಂದಿನಿಂದ ಅಂದರು.

"ಕೋಳಿಗಾದ್ರೆ ಬುದ್ಧಿ ಇದೆ, ನಿನ್ನ ಪರ ಮಾತಾಡೋ ಕಾಲ ಬಂದಾಗ ಕಷ್ಟ" ಎಂದಳು ಜವರಮ್ಮ. "ನಾನು ಈ ಚೆಲುವಿ ಪರ. ಬಾರೇ ಇಲ್ಲಿ."

ಚೆಲುವಿ ಹಳದಿ ಫ್ರಾಕು ಹಾಕಿಕೊಂಡು ಬಂದಿದ್ದಳು. ಜವರಮ್ಮ ನಿಂತರೆ ಹೆಗಲು ಅವಳ ಕೈಗೆ ಎಟುಕುತ್ತಿರಲಿಲ್ಲ. ಯಾರೋ ಒಂದು ಕುರ್ಚಿ ತಂದರು. ಜವರಮ್ಮ ಬೇಡವೆಂದು ಕೈಯಾಡಿಸಿ, ಹಾಳಾದ ಮಂಡಿಗಳನ್ನು ಒಂದೊಂದಾಗಿ ಮಡಚಿ, ಎಲ್ಲರ ಮುಂದೆ ಮಣ್ಣಿನ ಮೇಲೆ ಕೂತಳು. ಹುಡುಗಿಯ ಸಣ್ಣ ಕೈ ಅವಳ ಹೆಗಲ ಮೇಲೆ ಬಂತು.

"ಯಜಮಾನ್ರೇ, ಮೊದ್ಲೇ ಹೇಳ್ಬಿಡ್ತೀನಿ. ಈ ಹುಡುಗಿ ಕಂಡ್ರೆ ನಂಗಾಗಲ್ಲ. ನನ್ನ ಎರಡು ಪಿಳ್ಳೆ ಇವಳ ಕಲ್ಲಿಗೆ ಕುಂಟಾಗಿವೆ. ಇವಳು ಹೋದ್ರೆ ನಂಗೆ ಒಳ್ಳೇದೇ. ಈಗ ಇವಳ ಮಾತು ಕೇಳಿ." ಅವಳ ದನಿ ಕಟ್ಟೆಯ ಆಚೆಯ ಬಾವಿಯ ತನಕ ಹೋಗುತ್ತಿತ್ತು. ಅಷ್ಟು ಸ್ವಚ್ಛವಾದ ದನಿಯನ್ನು ನಾನು ನಮ್ಮ ಊರಿನಲ್ಲಿ ಕೇಳಿರಲಿಲ್ಲ. "ಇವಳ ಅವ್ವ ಸೌಟಲ್ಲಿ ಹೊಡೀತಾಳೆ, ನಿಜ. ಹೊಡೆದು ಬೆಲ್ಲ ಕೊಡ್ತಾಳೆ, ಅದೂ ನಿಜ. ಇವಳಿಗೆ ಹೆದರಿಕೆ ಆದಾಗ ಕರೆಯೋದು ಅವಳನ್ನೇ. ಎಡಗಾಲಿಗೆ ಮೊಳೆ ಚುಚ್ಚಿದಾಗ ಮಂಚಮ್ಮ ಇವಳನ್ನ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಹೋದ್ಲು. ಆ ದಿನ ಇವಳು ದಾರೀಲಿ ಅಳೋದು ಬಿಟ್ಟು ಅವಳ ಜಡೆ ಬಿಚ್ಚಿ ಹೆಣೀತಾ ಕೂತಿದ್ದಳಂತೆ. ಇದು ಒಂದು ಕಡೆ."

ಉಸಿರು ತೆಗೆದುಕೊಂಡಳು. ನನಗೆ ಮುಂದಿನದು ಗೊತ್ತಿತ್ತು. ನಾನು ಮಂಚಮ್ಮನ ಕೈ ಹಿಡಿದುಕೊಂಡೆ.

"ಇನ್ನೊಂದು ಕಡೆ ಏನಪ್ಪಾ ಅಂದ್ರೆ, ಇವಳಿಗೆ ದೊಡ್ಡಪ್ಪನ ಮನೆಗೆ ಹೋಗೋ ಆಸೆ ಇದೆ. ಅವರಪ್ಪ ಹುಟ್ಟಿದ ಮನೆ ನೋಡ್ಬೇಕು. ಅವನು ಎಂಥವನಾಗಿದ್ದ, ನಗ್ತಿದ್ನಾ, ಕಲ್ಲು ಬೀರ್ತಿದ್ನಾ, ತಿಳ್ಕೊಬೇಕು. ಇದನ್ನ ಇವಳು ಅವ್ವನ ಮುಂದೆ ತೋರಿಸ್ಕೊಂಡಿಲ್ಲ. ಅವ್ವಂಗೆ ನೋವಾಗುತ್ತೆ ಅಂತ ಹೆದರಿಕೆ. ಆಸೆ ಪಟ್ಟಿದ್ದು ತಪ್ಪಲ್ಲ ಮಂಚಮ್ಮ, ಕೇಳಿಸ್ಕೋ. ಹುಡುಗಿಗೆ ಎರಡು ಕಡೆ ಕಣ್ಣಿದೆ ಅಂದ ಮಾತ್ರಕ್ಕೆ ನಿನ್ನ ಕಡೆ ಕಣ್ಣು ಮುಚ್ಚಿದ್ದಾಳೆ ಅಂತಲ್ಲ."

ಮಂಚಮ್ಮನ ಬೆರಳುಗಳು ನನ್ನ ಅಂಗೈಯನ್ನು ನೋಯುವಂತೆ ಒತ್ತಿದವು. ಅವಳು ಚೆಲುವಿಯ ಕೈಯನ್ನೇ ನೋಡುತ್ತಿದ್ದಳು, ಈಗ ತೆಗೆಯುತ್ತಾಳೆ, ಈಗ ತೆಗೆಯುತ್ತಾಳೆ ಎಂದು. ಊರೂ ನೋಡುತ್ತಿತ್ತು. ಕೈ ಅಲ್ಲಾಡಲಿಲ್ಲ. ವರ್ಷಗಟ್ಟಲೆ ನಾನು ಎಷ್ಟೋ ಜನರ ಮಾತು ಆಡಿದ್ದೇನೆ. ಬೆಲ್ಲಕ್ಕೆ ಆಡಿದ್ದೇನೆ, ಬೈಗುಳಕ್ಕೆ ಆಡಿದ್ದೇನೆ. ಒಬ್ಬರ ಮನಸ್ಸಿನಲ್ಲಿ ಇರುವುದನ್ನು ಇಡಿಯಾಗಿ, ತನಗೆ ಬೇಕಾದಷ್ಟು ಕತ್ತರಿಸದೆ ಹೊರಗೆ ತಂದು ಇಡುವುದು ಹೀಗೆ ಎಂದು ಆ ದಿನ ಮಣ್ಣಿನ ಮೇಲೆ ಕೂತಿದ್ದ ಆ ಕೋಳಿಯವಳನ್ನು ನೋಡಿ ತಿಳಿಯಿತು.

"ಎರಡೂ ಆಸೆ ಇದ್ರೂ ಮನೆ ಅನ್ನೋದು ಒಂದೇ" ಎಂದಳು ಜವರಮ್ಮ. "ಅದು ಯಾವುದು ಅಂತ ಇವಳನ್ನ ಕೇಳಿದ್ದೀನಿ, ಇವಳು ಜೋರಾಗಿ ತಲೆ ಆಡಿಸಿದ್ದಾಳೆ. ಅದಕ್ಕೇ ಯಜಮಾನ್ರೇ, ಈ ಚೆಲುವಿ ಇಲ್ಲೇ ನಮ್ಮ ಬೀದೀಲಿ..."

ತುಟಿ ಆಡಿತು. ಸದ್ದು ಬರಲಿಲ್ಲ.

ಜವರಮ್ಮ ಕೆಮ್ಮಿದಳು. ಮತ್ತೆ ಬಾಯಿ ತೆರೆದಳು. ಗಾಳಿ ಮಾತ್ರ. ಅವಳ ಮುಖ ಕೆಂಪಾಯಿತು. ಆ ಹೆಂಗಸಿನ ಕಣ್ಣಲ್ಲಿ ಅಂಥ ಗಾಬರಿಯನ್ನು ನಾನು ನೋಡಿದ್ದಿಲ್ಲ. ಹಿತ್ತಿಲಿನಲ್ಲಿ ಅಕ್ಕಿ ಆರಿಸುತ್ತಾ ಆ ಹುಡುಗಿ ಯಾವ ಗಳಿಗೆಯಲ್ಲಿ ಇವಳ ಒಳಗೂ ಹೊಕ್ಕಳೋ, ಅದು ಇವಳಿಗೇ ಗೊತ್ತಾಗಿರಲಿಲ್ಲ. ಗುಂಪಿನಲ್ಲಿ ಯಾರೂ ನಗಲಿಲ್ಲ. ಮನೆ ಮಾಲೀಕನನ್ನು ನೋಡಿ ನಕ್ಕಿದ್ದ ಊರು ಅದೇ.

ಯಜಮಾನರು ತಲೆ ತಗ್ಗಿಸಿದರು. ಆಮೇಲೆ, "ದನಿ ಹೋಯ್ತು ಜವರಮ್ಮ. ಮಾತು ಬಿತ್ತು" ಎಂದರು. ಹೇಳಲೇಬೇಕಾದ್ದನ್ನು ಹೇಳುವವರ ದನಿಯಲ್ಲಿ ಹೇಳಿದರು. ಪಕ್ಕದಲ್ಲಿ ಮಂಚಮ್ಮ ನನ್ನ ಕೈ ಬಿಟ್ಟಳು. ಎದುರು ಮಾತು ಬಿದ್ದ ಮೇಲೆ ಉಳಿಯುವುದು ಮೊದಲಿನ ಮಾತು ಒಂದೇ. ಯಜಮಾನರು ತೀರ್ಪು ಹೇಳಲು ಎದ್ದರು.

"ಮಗು ಆ ತಾಯಿ ಹತ್ರಾನೇ ಇರ್ಲಿ."

ಯಾರ ದನಿಯೆಂದು ಮೊದಲು ನಮಗೆ ತಿಳಿಯಲಿಲ್ಲ. ಅದನ್ನು ನಮ್ಮ ಊರು ಆ ಮೊದಲು ಸರಿಯಾಗಿ ಕೇಳಿರಲಿಲ್ಲ. ಚನ್ನಿಗಪ್ಪನವರು ಎದ್ದು ನಿಂತಿದ್ದರು. ತಮ್ಮ ದನಿ ಬಂದದ್ದಕ್ಕೆ ತಾವೇ ಬೆಚ್ಚಿದ ಹಾಗೆ ಒಂದು ಕೈ ಗಂಟಲ ಮೇಲಿತ್ತು. ಒಂದು ವಾರದಿಂದ ತಮ್ಮ ಆಸೆಯ ಒಂದು ಅಕ್ಷರವನ್ನೂ ಆಡಲಾಗದೆ ಒದ್ದಾಡಿದ ಮನುಷ್ಯ ಈಗ ತಡೆಯಿಲ್ಲದೆ ಮಾತಾಡಿದರು. "ಈ ಅಜ್ಜಿ ಮಾತು ಬಿದ್ದಿಲ್ಲ ಸ್ವಾಮಿ. ಬಿದ್ದಿದ್ರೆ ನಾನು ಎತ್ಕೊಂಡು ಹೇಳ್ತೀನಿ. ಆಯಮ್ಮನ ಪರ ನಾನು ಮಾತಾಡ್ತೀನಿ. ಮಂಚಮ್ಮನವರೇ, ಬನ್ನಿ, ನನ್ನ ಹೆಗಲ ಮೇಲೆ ಕೈ ಇಡಿ. ನಿಮ್ಮಲ್ಲಿ ಹಂಗೆ ತಾನೆ?"

ಮಂಚಮ್ಮ ಹೋದಳು. ಹೇಗೆ ನಡೆದಳೋ ಗೊತ್ತಿಲ್ಲ. ಕೈಯಿಟ್ಟಳು.

"ಮಗು ಇವರದು. ಇವರ ಹತ್ರ ಬಿಡಿ" ಎಂದರು ಚನ್ನಿಗಪ್ಪ. ದನಿ ಒಂದಿಷ್ಟೂ ಅಲುಗಲಿಲ್ಲ. ಅವರ ಆಸೆಯ ಒಂದು ಎಳೆಯಾದರೂ ಅದರಲ್ಲಿ ಇದ್ದಿದ್ದರೆ ನಿಂತುಹೋಗುತ್ತಿತ್ತು. ನಮಗೆಲ್ಲ ಅದು ಗೊತ್ತಿತ್ತು, ಆದ್ದರಿಂದ ಯಾರಿಗೂ ಅವರ ಮುಖ ನೋಡಲಾಗಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

ಯಜಮಾನರು ಬಾಯಿ ತೆರೆಯುವ ಮೊದಲೇ ಮಂಚಮ್ಮನ ದನಿ ಬಂತು. ಅದು ಒಡೆದಿತ್ತು, ಆದರೆ ಬಂತು. "ಇವರ ಮನೆಯೋರು ಅಲ್ಲಿ ಬಾಗ್ಲು ನೋಡ್ಕೊಂಡು ಕೂತಿರ್ತಾರೆ ಯಜಮಾನ್ರೇ. ಆ ತಾಯಿ ಪರ ಇಲ್ಲಿ ಯಾರೂ ಇಲ್ಲ, ನಾನು ಹೇಳ್ತೀನಿ. ಬೇಸಿಗೆ ರಜಕ್ಕೆ ಚೆಲುವೀನ ಅಲ್ಲಿಗೆ ಕಳಿಸ್ಬೇಕು. ದಸರಾಕ್ಕೂ. ಈ ಸಲದ ರಜ ನಾಳಿದ್ದಿಂದಾನೇ ಶುರು. ನಾನೇ ಬಟ್ಟೆ ಕಟ್ಟಿಕೊಡ್ತೀನಿ." ತನಗೆ ನಷ್ಟವಾಗುವ ಒಂದೊಂದು ಮಾತಿಗೂ ಅವಳ ದನಿ ಗಟ್ಟಿಯಾಗುತ್ತಾ ಹೋಯಿತು.

"ಆಗಲಿ" ಎಂದರು ಯಜಮಾನರು. ಅವರಿಗೆ ಹೇಳಲು ಬೇರೆ ಏನೂ ಉಳಿದಿರಲಿಲ್ಲ.

ಜನ ಚದುರತೊಡಗಿದರು. ಖಾದರ್ ಸಾಬರು ಚನ್ನಿಗಪ್ಪನವರನ್ನು ಊಟಕ್ಕೆ ಕರೆದರು, ಹೋಟೆಲಿನವನು ಕಾಫಿಗೆ ಕರೆದ, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಆ ಗದ್ದಲದಲ್ಲಿ ಜವರಮ್ಮ ಇನ್ನೂ ನೆಲದ ಮೇಲೇ ಕೂತಿದ್ದಳು. ಯಾರೂ ಅವಳ ಕಡೆ ನೋಡಿರಲಿಲ್ಲ. ಚೆಲುವಿಯ ಕೈ ಇನ್ನೂ ಅವಳ ಹೆಗಲ ಮೇಲಿತ್ತು.

"ಕೈ ತೆಗಿಯೇ, ಮಾತು ಮುಗೀತು" ಎಂದಳು ಜವರಮ್ಮ.

ಚೆಲುವಿ ತೆಗೆಯಲಿಲ್ಲ. ಜವರಮ್ಮ ಒಂದು ಕೈಯನ್ನು ನೆಲಕ್ಕೆ ಊರಿದಳು, ಏಳಲು ನೋಡಿದಳು, ಆಗದೆ ಮತ್ತೆ ಕೂತಳು. ತುಟಿ ಆಡಿತು, ಸದ್ದು ಬರಲಿಲ್ಲ. ಹುಡುಗಿ ಬಗ್ಗಿ ಅವಳ ಮುಖವನ್ನೂ ಮಂಡಿಯನ್ನೂ ಒಂದು ಸಲ ನೋಡಿದಳು. ಆಮೇಲೆ ಕತ್ತೆತ್ತಿ, ಇಡೀ ಕಟ್ಟೆಗೆ ಕೇಳುವ ಹಾಗೆ ಕೂಗಿದಳು.

"ನಮ್ಮ ಜವರಜ್ಜಿಗೆ ಏಳೋಕಾಗ್ತಿಲ್ಲ! ಯಾರಾದ್ರೂ ಬನ್ನಿ!"

ಮೊದಲು ಓಡಿ ಬಂದವಳು ಮಂಚಮ್ಮ.